ಅಂಗವೈಕಲ್ಯದ ಅರಿವು: ಅಂತರ್ಜಾಲದಲ್ಲಿ ಸಿಗುವುದು, ಮಡಿವಾಳಕ್ಕೆ ಬೇಕಾದುದು

ಅಂಗವೈಕಲ್ಯದ ಕುರಿತ ಅರಿವಿನ ತರಬೇತಿ ಮುಖ್ಯವಾಗಿ ಅಂಗವಿಕಲರಿಗೆ ಕೊಡುವ ಪಾಠವಲ್ಲ. ಅವರ ಜೊತೆ ಕೆಲಸ ಮಾಡುವ, ಅವರಿಗೆ ಸೇವೆ ಒದಗಿಸುವ, ಅವರ ಅರ್ಜಿಗೆ ಸಹಿ ಹಾಕುವ ಉಳಿದವರಿಗೆ ಕೊಡುವ ಪಾಠ. ಕಣ್ಣು ಕಾಣದವರನ್ನು ರಸ್ತೆ ದಾಟಿಸುವಾಗ ಅವರ ಕೈ ಹಿಡಿದು ಎಳೆಯದೆ, ಅವರೇ ನಮ್ಮ ಮೊಣಕೈ ಹಿಡಿದುಕೊಳ್ಳಲು ಬಿಡುವುದು. ಕಿವಿ ಕೇಳದವರು ಏನಾದರೂ ಕೇಳಿದಾಗ ಜೊತೆಗೆ ಬಂದವರತ್ತ ತಿರುಗದೆ ಅವರ ಮುಖ ನೋಡಿಯೇ ಉತ್ತರಿಸುವುದು. ಗಾಲಿಕುರ್ಚಿಯನ್ನು ಅದರಲ್ಲಿ ಕೂತವರನ್ನು ಕೇಳದೆ ಮುಟ್ಟದಿರುವುದು. ಆಟಿಸಂ ಇರುವ ಮಗು ಕಿರುಚಿದರೆ ತಾಯಿ ಬೆಳೆಸಿದ ರೀತಿಯನ್ನು ದೂರದಿರುವುದು. ಪಾಠ ಇಂಥ ಸಣ್ಣ ಸಂಗತಿಗಳಿಂದ ಶುರುವಾಗಿ ಕಾನೂನು, ಕಟ್ಟಡ, ತಂತ್ರಜ್ಞಾನದವರೆಗೆ ಹೋಗುತ್ತದೆ. ಆ ಸಣ್ಣ ಸಂಗತಿಗಳೇ ಒಬ್ಬರ ದಿನವನ್ನು ಸಲೀಸು ಮಾಡುತ್ತವೆ ಅಥವಾ ಕೆಡಿಸುತ್ತವೆ.

ಈ ತರಬೇತಿ ಯಾರದೋ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 39ನೆಯ ಕಲಮು ಸರ್ಕಾರಗಳು ಅರಿವಿನ ಪ್ರಚಾರ ನಡೆಸಬೇಕು, ಶಾಲೆ, ಕಾಲೇಜು ಮತ್ತು ವೃತ್ತಿ ತರಬೇತಿಯ ಹಂತದಲ್ಲಿ ಈ ವಿಷಯ ಕಲಿಸಬೇಕು ಎನ್ನುತ್ತದೆ. 47ನೆಯ ಕಲಮು ಇನ್ನಷ್ಟು ಸ್ಪಷ್ಟವಾಗಿದೆ: ಪಂಚಾಯಿತಿ ಸದಸ್ಯರು, ಶಾಸಕರು, ಆಡಳಿತಗಾರರು, ಪೊಲೀಸರು, ನ್ಯಾಯಾಧೀಶರು, ವಕೀಲರಿಗೆ ಕೊಡುವ ಎಲ್ಲ ತರಬೇತಿಯಲ್ಲೂ ಅಂಗವಿಕಲರ ಹಕ್ಕುಗಳ ಪಾಠ ಇರಬೇಕು, ಶಿಕ್ಷಕರು, ವೈದ್ಯರು, ನರ್ಸ್‌ಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಎಂಜಿನಿಯರ್‌ಗಳು, ವಾಸ್ತುಶಿಲ್ಪಿಗಳ ವ್ಯಾಸಂಗದಲ್ಲಿ ಅದು ಒಂದು ಅಂಗವಾಗಬೇಕು. ಇದಕ್ಕೂ ಹಿಂದೆ, 2007ರ ಅಕ್ಟೋಬರ್ 1ರಂದು, ಭಾರತ ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 8ನೆಯ ವಿಧಿಯೂ ಅರಿವು ಮೂಡಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ಸಾವಿರಾರು ನೌಕರರಿಗೆ, ಅದೂ ಆಗಾಗ ಬದಲಾಗುವ ನೌಕರರಿಗೆ, ಪ್ರತಿ ಸಲ ಸಭಾಂಗಣ ಹಿಡಿದು ಪಾಠ ಹೇಳುವುದು ಆಗದ ಮಾತು. ಆದ್ದರಿಂದ ಎಲ್ಲರೂ ಅಂತರ್ಜಾಲದ ಕಡೆ ನೋಡುತ್ತಾರೆ. ಅಲ್ಲಿ ಸಾಮಗ್ರಿಗೆ ಬರವಿಲ್ಲ, ಬಹುಪಾಲು ಉಚಿತವೂ ಹೌದು. ಆದರೆ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಸರಿಯಾದುದನ್ನು ಹೇಳುತ್ತದೆಯೇ? ಯಾರ ಬಗ್ಗೆ ಹೇಳುತ್ತಿದೆಯೋ ಅವರೇ ಇದನ್ನು ತೆರೆದು ಓದಬಲ್ಲರೇ? ಯಾರಿಗೆ ಕಲಿಸಬೇಕೋ ಅವರ ಭಾಷೆಯಲ್ಲಿ, ಅವರ ಕೈಯಲ್ಲಿರುವ ಫೋನಿನಲ್ಲಿ, ಇದು ಅವರನ್ನು ತಲುಪುತ್ತದೆಯೇ? ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಕೇಳಲಾಗುತ್ತದೆ, ಕೆಲವೊಮ್ಮೆ ಅದೂ ಇಲ್ಲ.

ಮೂರನೆಯ ಪ್ರಶ್ನೆ ಎಷ್ಟು ಭಾರವಾದುದು ಎಂಬುದಕ್ಕೆ ಬೆಂಗಳೂರಿನ ಮಡಿವಾಳ ಒಳ್ಳೆಯ ಉದಾಹರಣೆ. ಹೊಸೂರು ರಸ್ತೆಯ ಈ ಪ್ರದೇಶದಲ್ಲಿ ಹೊರ ರಾಜ್ಯಗಳಿಗೆ ಹೊರಡುವ ಖಾಸಗಿ ಬಸ್ಸುಗಳ ಟ್ರಾವೆಲ್ಸ್ ಕಚೇರಿಗಳಿವೆ, ತರಕಾರಿ ಮಾರುಕಟ್ಟೆಯಿದೆ, ಗಲ್ಲಿಗಲ್ಲಿಯಲ್ಲೂ ಪಿ.ಜಿ.ಗಳಿವೆ. ಪಕ್ಕದಲ್ಲೇ ಸೇಂಟ್ ಜಾನ್ಸ್ ಆಸ್ಪತ್ರೆ. ಹೊಸೂರು ರಸ್ತೆಯಲ್ಲೇ ಊರೊಳಗೆ ಹೋದರೆ ನಿಮ್ಹಾನ್ಸ್. ಇನ್ನೊಂದು ದಿಕ್ಕಿಗೆ ಸಿಲ್ಕ್ ಬೋರ್ಡ್, ಅಲ್ಲಿ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗದ ಮೆಟ್ರೊ ನಿಲ್ದಾಣ. ಚಿಕಿತ್ಸೆಗೆಂದು ಬರುವ ಅಂಗವಿಕಲರು, ಅವರ ಮನೆಯವರು, ಕೆಲಸಕ್ಕೆಂದು ಬಂದು ಪಿ.ಜಿ.ಯಲ್ಲಿ ಉಳಿಯುವ ಯುವಕ ಯುವತಿಯರು ಇಲ್ಲಿ ದಿನವೂ ಓಡಾಡುತ್ತಾರೆ. ಅವರಿಗೆ ಎದುರಾಗುವವರು ಟಿಕೆಟ್ ಬರೆಯುವ ಹುಡುಗ, ಲಗೇಜು ಹಾಕುವವನು, ಪಿ.ಜಿ. ಮಾಲೀಕ, ಆಸ್ಪತ್ರೆಯ ಸೆಕ್ಯುರಿಟಿ, ಆಟೊ ಚಾಲಕ. ಇವರ ಮಾತು ಕನ್ನಡ, ತಮಿಳು, ತೆಲುಗು, ಹಿಂದಿ. ಇವರ ಬಳಿ ಲ್ಯಾಪ್‌ಟಾಪ್ ಇಲ್ಲ, ಕಂಪನಿಯ ಇಮೇಲ್ ವಿಳಾಸವಿಲ್ಲ. ಅಂತರ್ಜಾಲದಲ್ಲಿರುವ ತರಬೇತಿಯ ದೊಡ್ಡ ಪಾಲು ಇಂಗ್ಲಿಷಿನಲ್ಲಿದೆ. ಕಚೇರಿಯ ಮೇಜಿನ ಮುಂದೆ ಕೂತು ಗಂಟೆಗಟ್ಟಲೆ ಓದಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾಗಿದೆ. ಕಾಯ್ದೆಯ 47ನೆಯ ಕಲಮಿನ ಪಟ್ಟಿ ಕೂಡ ಹೆಚ್ಚಾಗಿ ಓದಿದವರ ವೃತ್ತಿಗಳನ್ನೇ ಹೆಸರಿಸಿ ಹೇಳುತ್ತದೆ. ಕಂಡಕ್ಟರು, ಕಾವಲುಗಾರರ ಹೆಸರು ಅದರಲ್ಲಿಲ್ಲ. ಹೆಚ್ಚು ಅಗತ್ಯವಿರುವಲ್ಲಿಗೆ ಕಡಿಮೆ ತಲುಪುವ ಪಾಠ ಇದು.

ಹಾಗೆಂದು ಇರುವುದನ್ನು ಕಡೆಗಣಿಸಬೇಕಾಗಿಲ್ಲ. ಜಾಲತಾಣ ಮತ್ತು ಆ್ಯಪ್ ಕಟ್ಟುವವರಿಗೆ ವಿಶ್ವವ್ಯಾಪಿ ಜಾಲದ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2020ರಲ್ಲಿ ಆರಂಭಿಸಿದ ಉಚಿತ ಪಾಠಕ್ರಮ ಎಡೆಕ್ಸ್‌ನಲ್ಲಿದೆ. ಜಾಲದ ಸುಗಮ್ಯತೆಗೆ, ಅಂದರೆ ಅಂಗವಿಕಲರೂ ಬಳಸಬಲ್ಲಂತೆ ಜಾಲವನ್ನು ಕಟ್ಟುವುದಕ್ಕೆ, ಅದಕ್ಕಿಂತ ಒಳ್ಳೆಯ ಪ್ರವೇಶ ಕಷ್ಟ. ಮನೋಸಾಮಾಜಿಕ ಅಂಗವೈಕಲ್ಯವನ್ನು ಹಕ್ಕಿನ ದೃಷ್ಟಿಯಿಂದ ಅರಿಯಲು ವಿಶ್ವ ಆರೋಗ್ಯ ಸಂಸ್ಥೆಯ ‘ಕ್ವಾಲಿಟಿರೈಟ್ಸ್’ ಇ-ತರಬೇತಿ ಇದೆ. ಸುಪ್ರೀಂ ಕೋರ್ಟು 2024ರಲ್ಲಿ ಅಂಗವಿಕಲ ವ್ಯಕ್ತಿಗಳ ಕುರಿತು ಒಂದು ಕೈಪಿಡಿ ಹೊರತಂದಿತು. ತೀರ್ಪು, ಅರ್ಜಿ, ವಾದಗಳಲ್ಲಿ ಯಾವ ಪದ ಬಳಸಬಾರದು, ಏಕೆ ಎಂದು ಅದು ವಿವರಿಸುತ್ತದೆ, ವಕೀಲರಷ್ಟೇ ಪತ್ರಕರ್ತರಿಗೂ ಉಪಯುಕ್ತ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ 10,000 ಪದಗಳ ವಿಡಿಯೊ ನಿಘಂಟು ಉಚಿತವಾಗಿ ಸಿಗುತ್ತದೆ. ‘ಸೈನ್ ಲರ್ನ್’ ಆ್ಯಪ್ ಮೂಲಕ ಫೋನಿನಲ್ಲೂ ನೋಡಬಹುದು. ಶಾಲಾ ಶಿಕ್ಷಕರಿಗೆ ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್ ಇದೆ. ಮಗುವಿನ ಕಲಿಕೆಯಲ್ಲಿ ಕಾಣುವ ಲಕ್ಷಣಗಳನ್ನು ಪ್ರಶ್ನಾವಳಿಯ ಮೂಲಕ ಗುರುತಿಸಲು ಅದು ನೆರವಾಗುತ್ತದೆ, ರೋಗನಿರ್ಣಯವನ್ನು ಮಾತ್ರ ತಜ್ಞರಿಗೇ ಬಿಡುತ್ತದೆ.

ಹಳತಾದ ಸಾಮಗ್ರಿಯನ್ನು ಪತ್ತೆ ಹಚ್ಚಲು ಒಂದು ಸುಲಭದ ದಾರಿ ಇದೆ. 1995ರ ಹಳೆಯ ಕಾಯ್ದೆ ಗುರುತಿಸಿದ್ದು 7 ಬಗೆಯ ಅಂಗವೈಕಲ್ಯಗಳನ್ನು; ಈಗಿನ ಕಾಯ್ದೆ 21ನ್ನು ಗುರುತಿಸುತ್ತದೆ. ಆಟಿಸಂ, ಕಲಿಕಾ ನ್ಯೂನತೆ, ಆ್ಯಸಿಡ್ ದಾಳಿಗೆ ತುತ್ತಾದವರು, ಪಾರ್ಕಿನ್ಸನ್, ಥಲಸ್ಸೀಮಿಯಾ, ಕುಬ್ಜತೆ ಇವೆಲ್ಲ ಹೊಸದಾಗಿ ಸೇರಿದವು. ಏಳೇ ಬಗೆ ಹೇಳುವ ತರಬೇತಿಯನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಬಹುದು. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿದ್ದು ಕೂಡ ಹಳೆಯ ಕಾಯ್ದೆಯ ಕಾಲದಲ್ಲಿ. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಶೇ 16ರಷ್ಟು ಜನ ಗಣನೀಯ ಅಂಗವೈಕಲ್ಯದೊಡನೆ ಬದುಕುತ್ತಾರೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪಕ್ಕದಲ್ಲಿ ಇಟ್ಟು ನೋಡಿದರೆ, ನಮ್ಮ ಗಣತಿಯ ಶೇ 2ರ ಆಸುಪಾಸಿನ ಪ್ರಮಾಣ ಬಹಳ ಚಿಕ್ಕದು. ಆ ಸಂಖ್ಯೆಯನ್ನು ಮುಂದಿಟ್ಟು ‘ಇವರು ಕೆಲವೇ ಜನ’ ಎಂಬ ಭಾವನೆ ಹುಟ್ಟಿಸುವ ಪಾಠ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿಸುತ್ತದೆ.

ಸರಿಯಾದುದನ್ನು ಹೇಳುವುದು ಎಂದರೆ ಅಂಕಿಅಂಶ ಸರಿಯಿರುವುದಷ್ಟೇ ಅಲ್ಲ. ಅನೇಕ ತರಬೇತಿಗಳಲ್ಲಿ ಬಹಳ ಮೆಚ್ಚುಗೆ ಪಡೆಯುವ ಒಂದು ಚಟುವಟಿಕೆಯಿದೆ: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತು ನಿಮಿಷ ನಡೆಯುವುದು. ನಡೆದವರು ಅತ್ತುಬಿಡುವುದೂ ಉಂಟು. ಆದರೆ ಅಮೆರಿಕದ ಸಂಶೋಧಕರಾದ ಏರಿಯಲ್ ಸಿಲ್ವರ್‌ಮನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೀಗೆ ಕುರುಡನ್ನು ನಟಿಸಿದವರು ಕುರುಡರ ಸಾಮರ್ಥ್ಯವನ್ನು ಹಾಗೆ ನಟಿಸದವರಿಗಿಂತ ಕಡಿಮೆ ಎಂದು ಅಂದಾಜು ಮಾಡಿದರು. ಕುರುಡರು ಸ್ವತಂತ್ರವಾಗಿ ಬದುಕಬಲ್ಲರು, ಉದ್ಯೋಗ ಮಾಡಬಲ್ಲರು ಎಂಬ ನಂಬಿಕೆ ಅವರಲ್ಲಿ ಕಡಿಮೆಯಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತು ನಿಮಿಷ ಬಟ್ಟೆ ಕಟ್ಟಿಕೊಂಡವರಿಗೆ ಸಿಗುವುದು ಕತ್ತಲೆಯ ಮೊದಲ ಗಳಿಗೆಯ ಗಾಬರಿ ಮಾತ್ರ. ಬಿಳಿ ಕೋಲು ಹಿಡಿದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸದ್ದುಗಳನ್ನು ಬಿಡಿಸಿ ಕೇಳಬಲ್ಲವರು ವರ್ಷಗಟ್ಟಲೆ ಗಳಿಸಿದ ಕೌಶಲದ ಪರಿಚಯ ಅವರಿಗೆ ಆಗುವುದಿಲ್ಲ. ಕನಿಕರ ಹೆಚ್ಚಿ ಗೌರವ ಇಳಿದರೆ ಆ ತರಬೇತಿ ನಷ್ಟವೇ. ಅಂಗವಿಕಲರನ್ನು ದೇವರ ಮಕ್ಕಳೆಂದು ಹೊಗಳುವ, ಸಾಧಕರ ಚಿತ್ರ ತೋರಿಸಿ ಚಪ್ಪಾಳೆ ಹೊಡೆಸುವ ವಿಡಿಯೊಗಳೂ ಇದೇ ಸಾಲಿನವು. ಅವು ನೋಡಿದವರ ಮನಸ್ಸನ್ನು ತಟ್ಟುತ್ತವೆ. ಮೆಟ್ಟಿಲ ಪಕ್ಕಕ್ಕೆ ಇಳಿಜಾರು ಕಟ್ಟಿಸುವ ಮಟ್ಟಕ್ಕೆ ಯಾರನ್ನೂ ಒಯ್ಯುವುದಿಲ್ಲ. ಆದ್ದರಿಂದ ಒಂದು ಪಾಠವನ್ನು ಒಪ್ಪಿಕೊಳ್ಳುವ ಮುನ್ನ ಅದನ್ನು ರೂಪಿಸಿದವರಲ್ಲಿ, ಅದರಲ್ಲಿ ಮಾತನಾಡುವವರಲ್ಲಿ ಅಂಗವಿಕಲರು ಇದ್ದಾರೆಯೇ, ಇದ್ದರೆ ತಮ್ಮ ಕಷ್ಟ ಹೇಳಲು ಮಾತ್ರ ಇದ್ದಾರೆಯೇ ಅಥವಾ ಕಲಿಸುವವರಾಗಿ ಇದ್ದಾರೆಯೇ ಎಂದು ನೋಡಬೇಕು.

ಇನ್ನು ಎರಡನೆಯ ಪ್ರಶ್ನೆ. ಅಂಗವೈಕಲ್ಯದ ಬಗ್ಗೆ ಪಾಠ ಹೇಳುವ ಪುಟವನ್ನೇ ಅಂಗವಿಕಲ ನೌಕರ ತೆರೆಯಲಾಗದಿದ್ದರೆ ಆ ಪಾಠದ ನೈತಿಕ ಬಲ ಅಲ್ಲಿಗೇ ಮುಗಿಯಿತು. ಕಂಪನಿಯಲ್ಲಿ ತರಬೇತಿ ಕಡ್ಡಾಯವಾದಾಗ ದೃಷ್ಟಿಯಿಲ್ಲದ ನೌಕರನೂ ಅದನ್ನು ಮುಗಿಸಬೇಕಾಗುತ್ತದೆ. ಸರಿಯುತ್ತರವನ್ನು ಎಳೆದು ತಂದು ಖಾಲಿ ಜಾಗದಲ್ಲಿ ಬಿಡಬೇಕಾದ ಪ್ರಶ್ನೆ ಅವನಿಗೆ ಮೌಸ್ ಇಲ್ಲದೆ ಮಾಡಲಾಗದ್ದು. ಚಿತ್ರದೊಳಗೆ ಬರೆದ ಪಠ್ಯ, ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಅವನ ಸ್ಕ್ರೀನ್ ರೀಡರಿಗೆ ಓದಲಾಗದ್ದು. ಪ್ರವೇಶಕ್ಕೆ ಕೇಳುವ ಕ್ಯಾಪ್ಚಾ ಅವನನ್ನು ಹೊರಗೇ ನಿಲ್ಲಿಸುವಂಥದ್ದು. ಈ ಎಲ್ಲಕ್ಕೂ ಪರಿಹಾರ ಹೇಳುವ ಮಾನದಂಡಗಳು ಹೊಸವಲ್ಲ. ಡಬ್ಲ್ಯೂ3ಸಿಯ ಸುಗಮ್ಯತೆಯ ಮಾರ್ಗಸೂಚಿ ಮೊದಲು ಬಂದದ್ದು 1999ರಲ್ಲಿ. 2023ರ ಅಕ್ಟೋಬರಿನಲ್ಲಿ ಬಂದ 2.2ನೆಯ ಆವೃತ್ತಿ ಒಗಟು ಬಿಡಿಸದೆಯೂ ಲಾಗಿನ್ ಆಗುವ ದಾರಿ ಇರಬೇಕೆನ್ನುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಬಣ್ಣಗಳ ವ್ಯತ್ಯಾಸ, ಚಿತ್ರಕ್ಕೆ ಪರ್ಯಾಯ ಪಠ್ಯ, ವಿಡಿಯೊಗೆ ಅಡಿಬರಹ, ಕೀಲಿಮಣೆಯಿಂದಲೇ ಎಲ್ಲ ಕೆಲಸ ಇವು ಅದರ ಮುಖ್ಯ ಬೇಡಿಕೆಗಳಲ್ಲಿ ಕೆಲವು. ಭಾರತದಲ್ಲಿ ಸರ್ಕಾರಿ ತಾಣಗಳಿಗೆ ಜಿಐಜಿಡಬ್ಲ್ಯೂ ಮಾರ್ಗಸೂಚಿ, ಮಾಹಿತಿ ತಂತ್ರಜ್ಞಾನದ ಉತ್ಪನ್ನ ಮತ್ತು ಸೇವೆಗಳಿಗೆ ಐಎಸ್ 17802 ಎಂಬ ಮಾನಕ ಇವೆ.

ನ್ಯಾಯಾಲಯಗಳೂ ಈಗ ಬಿಗಿಯಾಗಿವೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದ, ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ರಚಿಸಿದ 15ನೆಯ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದು ತೀರ್ಪಿತ್ತಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು ಇನ್ನೂ ಹತ್ತಿರದ್ದು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದ ಕಾರಣ ಬ್ಯಾಂಕಿನ ಡಿಜಿಟಲ್ ಕೆವೈಸಿ ಮುಗಿಸಲಾಗದ ಆ್ಯಸಿಡ್ ದಾಳಿಯ ಸಂತ್ರಸ್ತರು ಹೂಡಿದ ಆ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿತು. ಕೊಟ್ಟ 20 ನಿರ್ದೇಶನಗಳಲ್ಲಿ, ಹಣಕಾಸು ಸಂಸ್ಥೆಗಳ ಅಧಿಕಾರಿಗಳ ಇ-ಕಲಿಕೆಯಲ್ಲಿ ಅಂಗವೈಕಲ್ಯದ ಅರಿವಿನ ಪಾಠ ಇರಬೇಕೆಂಬುದೂ ಒಂದು. ಬ್ಯಾಂಕುಗಳ ಶಾಖೆಗಳಲ್ಲಿ ಕೂತವರು ಇನ್ನು ಮುಂದೆ ಇಂಥ ಪಾಠ ನೋಡಲೇಬೇಕಾಗುತ್ತದೆ. ಆ ಪಾಠ ಸ್ವತಃ ಸುಗಮ್ಯವಾಗಿರಬೇಕು ಎಂದು ಕೇಳುವ ಹಕ್ಕು ಅದೇ ಶಾಖೆಯ ಅಂಗವಿಕಲ ನೌಕರರಿಗಿದೆ.

ಕನ್ನಡದಲ್ಲಿ ಈ ತೊಡಕಿಗೆ ಇನ್ನೊಂದು ಪದರವಿದೆ, ಅದರ ಬಗ್ಗೆ ಮಾತು ತೀರಾ ಕಡಿಮೆ. ದಶಕಗಳ ಕಾಲ ನಮ್ಮ ಇಲಾಖೆಗಳು, ಸಂಸ್ಥೆಗಳು, ಮುದ್ರಕರು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದರು. ಆ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಗವಿಕಲರ ಯೋಜನೆಗಳನ್ನೇ ವಿವರಿಸುವ ಕೈಪಿಡಿಯೊಂದು ಹೀಗೆ ಬೆರಳಚ್ಚಾಗಿ ಪಿಡಿಎಫ್ ಆದರೆ ಯೋಜನೆಯ ಫಲಾನುಭವಿಯೇ ಅದನ್ನು ಓದಲಾರ. ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದರೆ ಅದೂ ಬರಿ ಚಿತ್ರ. ಯೂನಿಕೋಡ್ ಬಳಸಿದರೂ ಪಿಡಿಎಫ್ ಮಾಡುವಾಗ ಒತ್ತಕ್ಷರಗಳ ಕ್ರಮ ಕದಡುವುದುಂಟು. ಆದ್ದರಿಂದ ಕನ್ನಡದ ಮಟ್ಟಿಗೆ ಸರಳವಾದ ಜಾಲಪುಟವೇ ಪಿಡಿಎಫ್‌ಗಿಂತ ಮೇಲು. ಓದಿಸುವ ಉಪಕರಣಕ್ಕೆ ಕೊರತೆಯಿಲ್ಲ: ಉಚಿತ ಎನ್‌ವಿಡಿಎ ತಂತ್ರಾಂಶ ಇ-ಸ್ಪೀಕ್ ಧ್ವನಿಯ ಮೂಲಕ ಕನ್ನಡ ಓದುತ್ತದೆ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಗೂಗಲ್‌ನ ಕನ್ನಡ ಧ್ವನಿಯಲ್ಲಿ ಓದುತ್ತದೆ. ಹಳೆಯ ಮುದ್ರಿತ ಪುಟಗಳನ್ನು ಪಠ್ಯವಾಗಿಸಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ಕನ್ನಡ ಅಕ್ಷರ ಗುರುತಿಸುವ ತಂತ್ರಾಂಶ ರೂಪಿಸಿದೆ. ಉಪಕರಣ ಸಿದ್ಧವಿದೆ, ಅದಕ್ಕೆ ಒಪ್ಪುವ ಪಠ್ಯ ಒದಗಿಸುವ ಶಿಸ್ತು ಬಾಕಿಯಿದೆ.

ಅಡಿಬರಹದ ವಿಷಯದಲ್ಲೂ ಒಂದು ಎಚ್ಚರಿಕೆ ಅಗತ್ಯ. ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ, ಬರೆದ ಕನ್ನಡ ಎರಡನೆಯದು. ಅಡಿಬರಹವೊಂದನ್ನೇ ಹಾಕಿ ಕೈತೊಳೆದುಕೊಂಡರೆ ಅವರು ಅರ್ಧ ದಾರಿಯಲ್ಲಿ ಉಳಿಯುತ್ತಾರೆ. ಯಂತ್ರ ತಾನೇ ಬರೆಯುವ ಅಡಿಬರಹವನ್ನು ತಿದ್ದದೆ ಬಿಡುವುದು ಇನ್ನೂ ಕೆಟ್ಟದ್ದು.

ಇವನ್ನೆಲ್ಲ ಪರೀಕ್ಷಿಸಲು ತಜ್ಞರನ್ನು ಕಾಯಬೇಕಾಗಿಲ್ಲ. ತರಬೇತಿ ಕೊಳ್ಳುವ ಮುನ್ನ ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದ ಪಾಠದ ಕೊನೆಯವರೆಗೆ ಹೋಗಲು ಯತ್ನಿಸಬೇಕು. ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿ ತೆರೆಯನ್ನು ನೋಡದೆ ಒಂದು ಪ್ರಶ್ನೆಗಾದರೂ ಉತ್ತರಿಸಬೇಕು. ವಿಡಿಯೊದ ಧ್ವನಿ ಮುಚ್ಚಿ ಏನು ಅರ್ಥವಾಯಿತೆಂದು ಕೇಳಿಕೊಳ್ಳಬೇಕು. ದೊಡ್ಡ ತಪ್ಪುಗಳು ಕಾಲು ಗಂಟೆಯಲ್ಲೇ ಬಯಲಾಗುತ್ತವೆ. ವೆಬ್‌ಏಮ್ ಸಂಸ್ಥೆ 2025ರಲ್ಲಿ ಪರಿಶೀಲಿಸಿದ ಹತ್ತು ಲಕ್ಷ ಮುಖಪುಟಗಳಲ್ಲಿ ಶೇ 94.8ರಲ್ಲಿ ಯಂತ್ರವೇ ಪತ್ತೆ ಹಚ್ಚಬಲ್ಲ ದೋಷಗಳು ಸಿಕ್ಕಿವೆ. ಆದ್ದರಿಂದ ‘ನಮ್ಮದು ಸಂಪೂರ್ಣ ಸುಗಮ್ಯ’ ಎಂಬ ಮಾರಾಟಗಾರರ ಮಾತನ್ನು ಪರೀಕ್ಷೆಯಿಲ್ಲದೆ ನಂಬಲಾಗದು. ಒಂದು ಸಾಲಿನ ಕೋಡ್ ಸೇರಿಸಿದರೆ ತಾಣವೆಲ್ಲ ಸುಗಮ್ಯವಾಗುತ್ತದೆಂದು ಹೇಳಿಕೊಳ್ಳುತ್ತಿದ್ದ ಆ್ಯಕ್ಸೆಸಿಬಿ ಕಂಪನಿಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ 10 ಲಕ್ಷ ಡಾಲರ್ ತೆರುವ ಆದೇಶ ಪ್ರಕಟಿಸಿತು.

ವಿಪರ್ಯಾಸವೆಂದರೆ, ಮಡಿವಾಳದ ಬೀದಿಯನ್ನು ತಲುಪದ ಅಂಗವೈಕಲ್ಯದ ಅರಿವು ಹುಟ್ಟಿದ ಸ್ಥಳಗಳಲ್ಲಿ ದಕ್ಷಿಣ ಬೆಂಗಳೂರೂ ಒಂದು. ಸಮುದಾಯ ಆಧಾರಿತ ಪುನರ್ವಸತಿಯ ಬಗ್ಗೆ ಜಗತ್ತಿನ ಹಲವು ದೇಶಗಳವರು ಓದಿದ ‘ಏಷ್ಯಾ ಪೆಸಿಫಿಕ್ ಡಿಸೆಬಿಲಿಟಿ ರಿಹ್ಯಾಬಿಲಿಟೇಷನ್ ಜರ್ನಲ್’ ಮಾಯಾ ಥಾಮಸ್ ಅವರ ಸಂಪಾದಕತ್ವದಲ್ಲಿ ಇಲ್ಲಿಂದಲೇ ಹೊರಡುತ್ತಿತ್ತು, ಜೆ.ಪಿ. ನಗರದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿಯ ಪರವಾಗಿ ಅದು ಪ್ರಕಟವಾಗುತ್ತಿತ್ತು. 2011ರಿಂದ ಅದು ‘ಡಿಸೆಬಿಲಿಟಿ, ಸಿಬಿಆರ್ ಆ್ಯಂಡ್ ಇನ್‌ಕ್ಲೂಸಿವ್ ಡೆವಲಪ್‌ಮೆಂಟ್’ ಎಂಬ ಹೆಸರಿನಲ್ಲಿ, ಯಾರೂ ಹಣ ಕೊಡದೆ ಓದಬಹುದಾದ ಅಂತರ್ಜಾಲ ಪತ್ರಿಕೆಯಾಗಿದೆ. ಮಡಿವಾಳದ ಒಂದು ಮಗ್ಗುಲಿಗೆ ಕೋರಮಂಗಲ: ಅಲ್ಲಿ 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಸ್ಥಾಪಿಸಿದ, ಅಂಗವಿಕಲರಿಗಾಗಿ ದುಡಿಯುವ ಎನೇಬಲ್ ಇಂಡಿಯಾ. ಇನ್ನೊಂದು ಮಗ್ಗುಲಿಗೆ ಎಚ್.ಎಸ್.ಆರ್. ಬಡಾವಣೆ: ಸ್ವತಃ ದೃಷ್ಟಿಯಿಲ್ಲದ ಮಧು ಸಿಂಘಾಲ್ 1990ರಲ್ಲಿ ಕಟ್ಟಿದ, ಧ್ವನಿಪುಸ್ತಕಗಳ ಗ್ರಂಥಾಲಯ ನಡೆಸುವ ಮಿತ್ರಜ್ಯೋತಿ, 1997ರಲ್ಲಿ ಹುಟ್ಟಿದ ಅಂಗವಿಕಲರ ಸಂಸ್ಥೆ ಸಮರ್ಥನಂ. ಜೆ.ಪಿ. ನಗರದಲ್ಲಿ ಕೃತಕ ಕಾಲು ಮತ್ತು ಗಾಲಿಕುರ್ಚಿಗಳ ಮೊಬಿಲಿಟಿ ಇಂಡಿಯಾ. ಹೊಸೂರು ರಸ್ತೆಯಲ್ಲೇ ಮುಂದೆ ಹೋದರೆ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ. ಅಲ್ಲಿ ಪೋಷಣೆ ಪಡೆದ ವಿಷನ್ ಎಂಪವರ್ ಸಂಸ್ಥೆ, ದೃಷ್ಟಿದೋಷವಿರುವ ಮಕ್ಕಳ ಶಿಕ್ಷಕರಿಗಾಗಿ ‘ಸುಬೋಧ’ ಎಂಬ ಸುಗಮ್ಯ ಕಲಿಕಾ ತಾಣ ನಡೆಸುತ್ತಿದೆ. ದೃಷ್ಟಿಯಿಲ್ಲದ ಶಿಕ್ಷಕರೇ ಬಳಸುವಂತೆ ಕಟ್ಟಿದ ತರಬೇತಿ ತಾಣ ಹೇಗಿರಬೇಕೆಂದು ತಿಳಿಯಬೇಕಾದವರು ಅದನ್ನು ನೋಡಬೇಕು.

ಎನೇಬಲ್ ಇಂಡಿಯಾದ ‘ನಮ್ಮ ವಾಣಿ’ ಪ್ರತ್ಯೇಕ ಉಲ್ಲೇಖಕ್ಕೆ ಅರ್ಹ. ಅದಕ್ಕೆ ಸ್ಮಾರ್ಟ್‌ಫೋನ್ ಕೂಡ ಬೇಡ. ಮಿಸ್ಡ್ ಕಾಲ್ ಕೊಟ್ಟರೆ ಮರಳಿ ಕರೆ ಬರುತ್ತದೆ. ಅಂಗವಿಕಲರು ತಮ್ಮ ಅನುಭವ, ಉದ್ಯೋಗದ ಸುದ್ದಿ, ಸಲಹೆಗಳನ್ನು ಕನ್ನಡದಲ್ಲಿ ಕೇಳಬಹುದು, ತಮ್ಮ ಧ್ವನಿಯಲ್ಲೇ ಹೇಳಬಹುದು. ಓದು ಬಾರದವರಿಗೂ ಕಣ್ಣು ಕಾಣದವರಿಗೂ ಒಂದೇ ದಾರಿ. ಟ್ರಾವೆಲ್ಸ್ ಕಚೇರಿಯ ಹುಡುಗನಿಗೂ ಆಸ್ಪತ್ರೆಯ ಕಾವಲುಗಾರನಿಗೂ ತರಬೇತಿ ತಲುಪಿಸಲು ಬೇಕಾದ ಮಾದರಿ ಇಲ್ಲೇ ಇದೆ: ಮೂರು ನಾಲ್ಕು ನಿಮಿಷದ ಧ್ವನಿ, ಅವರ ಮಾತಿನಲ್ಲಿ, ಬಸ್ಸು ಹೊರಡುವ ಮುಂಚಿನ ಬಿಡುವಿನಲ್ಲಿ ಕೇಳುವಂಥದ್ದು.

ಅಂತರ್ಜಾಲದ ಪಾಠದಿಂದ ಮನೋಭಾವ ಬದಲಾಗದು, ಎದುರಾ ಎದುರು ಕೂತು ಮಾತಾಡಿದರೆ ಮಾತ್ರ ಬದಲಾದೀತು ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳೂ ಇದೆ. ಗುಂಡಿ ಒತ್ತುತ್ತ ಹೋಗಿ ಕೊನೆಗೆ ಪ್ರಮಾಣಪತ್ರ ಇಳಿಸಿಕೊಳ್ಳುವ ತರಬೇತಿಯಿಂದ ಕಂಪನಿಯ ಕಡತ ತುಂಬುತ್ತದೆ, ನಡವಳಿಕೆ ಬದಲಾಗುವುದಿಲ್ಲ. ಆದರೆ ಈ ಆಕ್ಷೇಪ ಒಂದು ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಕಾನೂನು ಏನು ಹೇಳುತ್ತದೆ, 21 ಬಗೆಗಳು ಯಾವುವು, ದಾಖಲೆಯನ್ನು ಹೇಗೆ ಸುಗಮ್ಯ ಮಾಡಬೇಕು, ಗಾಲಿಕುರ್ಚಿಯನ್ನು ಇಳಿಜಾರಿನಲ್ಲಿ ಹೇಗೆ ಇಳಿಸಬೇಕು ಇವನ್ನು ಫೋನಿನಲ್ಲಿ ಚೆನ್ನಾಗಿಯೇ ಕಲಿಯಬಹುದು. ಮರೆತರೆ ಮತ್ತೆ ನೋಡಲೂಬಹುದು. ಮುಜುಗರ, ಭಯ, ಸಂಕೋಚ ಕಳೆಯಲು ಮಾತ್ರ ಮನುಷ್ಯರು ಬೇಕು. ಎರಡನ್ನೂ ಜೋಡಿಸುವುದು ಸರಿಯಾದ ಕ್ರಮ: ಮೊದಲು ಫೋನಿನ ಪಾಠ, ಆಮೇಲೆ ಅಂಗವಿಕಲ ತರಬೇತುದಾರರೊಡನೆ ಒಂದು ಗಂಟೆಯ ಮಾತುಕತೆ. ಆ ಒಂದು ಗಂಟೆಗೆ ಅವರಿಗೆ ಸಂಭಾವನೆ ಕೊಡಬೇಕು. ಅಂಗವಿಕಲರು ತಮ್ಮ ಬದುಕಿನ ಬಗ್ಗೆ ಬಿಟ್ಟಿ ಪಾಠ ಹೇಳಬೇಕೆಂದು ನಿರೀಕ್ಷಿಸುವ ಸಂಸ್ಥೆಗೆ ತರಬೇತಿಯ ಮೊದಲ ಅಕ್ಷರವೂ ತಲುಪಿಲ್ಲ.

ಹೊಣೆ ಹಂಚಿಕೆಯೂ ಕಷ್ಟವಲ್ಲ. ಕರ್ನಾಟಕದಲ್ಲಿ ಗ್ರಾಮ, ತಾಲ್ಲೂಕು ಮತ್ತು ನಗರ ಮಟ್ಟದಲ್ಲಿ ಗೌರವಧನದ ಮೇಲೆ ದುಡಿಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ; ಇವರಲ್ಲಿ ಬಹುಪಾಲು ಜನ ಸ್ವತಃ ಅಂಗವಿಕಲರು. ಯೋಜನೆಗಳ ಅರ್ಜಿ ತುಂಬಿಸಲು ನೆರವಾಗುವ ಇವರನ್ನು ತಮ್ಮ ವ್ಯಾಪ್ತಿಯ ಆಸ್ಪತ್ರೆ, ಬ್ಯಾಂಕು, ಶಾಲೆಗಳ ಸಿಬ್ಬಂದಿಗೆ ಪಾಠ ಹೇಳುವವರನ್ನಾಗಿ ತಯಾರು ಮಾಡಿದರೆ, ಅವರಿಗೆ ಬೇಕಾಗುವುದು ಕನ್ನಡದ ಸಿದ್ಧ ಸಾಮಗ್ರಿ. ಅದನ್ನು ಒಂದೇ ಕಡೆ, ಯೂನಿಕೋಡ್ ಪಠ್ಯ, ಧ್ವನಿ, ಅಡಿಬರಹ ಮತ್ತು ಸನ್ನೆ ಭಾಷೆಯ ವಿಡಿಯೊ ರೂಪದಲ್ಲಿ ಇಡಬೇಕು. ಸರ್ಕಾರದ್ದೇ ಆದ ‘ಕಣಜ’ದಂಥ ತಾಣ ಅದಕ್ಕೆ ಜಾಗ ಕೊಡಬಹುದು. ಯಾರು ಬೇಕಾದರೂ ಬಳಸಲು, ತಿದ್ದಲು, ತಮಿಳು, ತೆಲುಗು, ಹಿಂದಿಗೆ ಧ್ವನಿ ಸೇರಿಸಲು ಮುಕ್ತ ಪರವಾನಗಿ ಇರಬೇಕು. ಮಡಿವಾಳದಂಥ ಜಾಗದಲ್ಲಿ ಒಂದೇ ಭಾಷೆಯ ಪಾಠ ಅರ್ಧ ಬೀದಿಗೂ ಸಾಲದು. ಕಾಯ್ದೆ, ತೀರ್ಪು, ಸಹಾಯವಾಣಿಗಳು ಬದಲಾದಾಗ ಪುಟವನ್ನು ತಿದ್ದುವವರು ಯಾರು ಎಂಬುದು ಅದರ ಮೇಲೆಯೇ ದಿನಾಂಕದೊಂದಿಗೆ ಬರೆದಿರಬೇಕು; ಓದಲಾಗದ ಪುಟ ಸಿಕ್ಕಿದರೆ ದೂರು ಹೇಳಲು ಒಂದು ಫೋನ್ ಸಂಖ್ಯೆಯೂ, ಆ ಕರೆಯನ್ನು ಎತ್ತುವ ಒಬ್ಬರೂ ಇರಬೇಕು.